ಸುಮ್ಮನೆ ಕೂಡದ ಕೈ

ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿದ ಹದಿನೈದು ದಿನದೊಳಗೆ ಪಂಚಾಯ್ತಿಯವರು ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಲೇಬೇಕು. ಗಾಳೆವ್ವನಿಗೆ ಅವತ್ತು ಹದಿನೈದನೆಯ ದಿನ. ಭತ್ಯೆ ಬಂದರೆ ತುಂಬು ಬಸುರಿ ಸೊಸೆಯನ್ನು ಕಟ್ಟಿಕೊಂಡು ಗುಳೆ ಹೋಗುವುದು ತಪ್ಪುತ್ತಿತ್ತು.

‘ಸಂಜಿ ಐದು ಬಡೀಲಿ, ಬರಕೊಡ್ತೀನಿ. ಅಲ್ಲೀಮಟ ಹೊರಗ ಕುಂದ್ರಬೇ,’ ಎಂದ ಪಂಚಾಯ್ತಿ ಕಚೇರಿಯ ಗುಮಾಸ್ತ ಚಹಾವನ್ನೂ ಕೊಡಿಸಿದ. ಇವನ ಹಡೆದವ್ವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು ಗಾಳೆವ್ವ.

ಚಹಾ ಕುಡಿಸಿದವರ ಕಚೇರಿಯ ಅಂಗಳದಲ್ಲಿ ಮೊಣಕಾಲುದ್ದ ಕಸ ಬೆಳೆದಿರುವಾಗ ಸುಮ್ಮನೆ ಕೂತು ಅವಳಿಗೆ ರೂಢಿಯಿಲ್ಲ. ಸೆರಗು ಸಿಕ್ಕಿಸಿ ಕೀಳತೊಡಗಿದಳು. ಗುಮಾಸ್ತ ಕಿಟಕಿಯಿಂದ ಉಗುಳಿದ್ದ ಗುಟಕಾ ಕೈಗೆ ಮೆತ್ತಿತು. ಮಣ್ಣಿಗೆ ಒರೆಸಿ ಮುಂದುವರಿದಳು.

‘ಒಂದೀಟು ಈ ಕಡೆ ನೋಡಬೇ, ಫೋಟೋ ಹೊಡೀತೀನಿ,’ ಎಂದ ಅವನು ಕಿಟಕಿಯಿಂದಲೇ.

‘ಅಯ್ಯ, ಮುದುಕಿ ಫೋಟೋ ಯಾಕ್ರಿ ಸಾಹೇಬ್ರ!’ ಎಂದು ನಾಚಿ ನಕ್ಕಳು.

ಐದು ಬಡಿಯಿತು. ಗಾಳೆವ್ವ ಕೈ ತೊಳೆದು ಒಳಗೆ ಬಂದು ಭತ್ಯೆಯ ಮಾತೆತ್ತಿದಳು.

‘ಯಾವ ಭತ್ಯೆಬೇ?’ ಗುಮಾಸ್ತ ಮೊಬೈಲು ತಿರುಗಿಸಿ ಅವಳದೇ ನಗುಮುಖ ತೋರಿಸಿದ. ‘ಇವತ್ತ ಕೆಲಸ ಕೊಟ್ಟೀವಲ್ಲ!’