ಕಿವಿಯ ಹತ್ತಿ

ಟೆಲಿಫೋನ್ ಕೇಬಲ್ ಬಿಚ್ಚಿದರೆ ಒಳಗಿನ ಮಾತುಕತೆಯೆಲ್ಲ ರಸ್ತೆಗೆ ಚೆಲ್ಲುತ್ತದೆ. ಅದಕ್ಕೇ ಕೆಲಸಗಾರರು ಕಿವಿಗೆ ಹತ್ತಿ ತುರುಕಿಕೊಳ್ಳಬೇಕೆಂಬ ನಿಯಮ. ಹುಬ್ಬಳ್ಳಿಯ ಸಂಸಾರಗಳು ಉಳಿದಿರುವುದೇ ಈ ಹತ್ತಿಯಿಂದ.

ಅಂದು ಸೂಪರ್‌ವೈಸರ್ ನೀಲಾಂಬಿಕಾ ಎಲ್ಲರಿಗೂ ಹತ್ತಿ ಹಂಚಿದರು. ಅಂದು ಬಿಚ್ಚಬೇಕಿದ್ದ ಕೇಬಲ್‌ನಲ್ಲೇ ಗಂಡಿನ ಕಡೆಯವರು ನೀಲಾಂಬಿಕಾರ ಮಗಳ ಸಂಬಂಧದ ಬಗ್ಗೆ ತೀರ್ಮಾನಿಸುತ್ತಿದ್ದರು.

"ಬಾಯಾರ, ಇವತ್ತರ ಒಂದ್ ಕಿವಿ ಬಿಡ್ರಿ," ಎಂದ ಕೇಬಲ್ ಬೆಸೆಯುವ ಚನಬಸು.

"ನಿಯಮ ಅಂದ್ರ ನಿಯಮ," ಎಂದು ಅವರು ಎರಡೂ ಕಿವಿ ಮುಚ್ಚಿಕೊಂಡರು.

ಕೆಲಸ ಮುಗಿದಾಗ ಚನಬಸುವಿನ ಹತ್ತಿ ಅವನ ಅಂಗೈಯಲ್ಲಿತ್ತು.

"ಕದ್ದು ಕೇಳಿದಿ? ನಾಳಿಂದ ಬರಬ್ಯಾಡ!"

"ಕೆಲಸಾನ ಹೋತಲ್ರಿ, ಕೇಳಿದ್ದು ಒಂದೂ ನೆನಪಾಗವಲ್ದು."

ನೀಲಾಂಬಿಕಾ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಬಾರಪಾ, ನಾಳೆ ಬಾ. ಅವರು ಒಪ್ಪಿದ್ರೇನ?"

"ಹುಡುಗಿ ಒಪ್ಪಿಗಿ ಆಗ್ಯಾಳ್ರಿ. ಹುಡುಗಿ ತಾಯಿ ಭಾಳ ಕಟ್ಟುನಿಟ್ಟಂತ, ಹುಡುಗ ಅಂಜ್ಯಾನ."