ಎಲ್ಲರೂ ನೋಡಿದ್ದ ಆನೆ

“ನೀನೇನ್ ನೋಡ್ದೆ ನಿನ್ನೆ?” ಎಂದು ಮಾಳವಿಕಾ ಕೇಳಿದಾಗ ದಿವ್ಯಶ್ರೀ ನಲ್ಲಿಯ ಕೆಳಗೆ ಊಟದ ತಟ್ಟೆ ತೊಳೆಯುತ್ತಿದ್ದಳು. ಶಿರಂಗಾಲದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದು ಈ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು. ಆ ಪ್ರಶ್ನೆ ಅವಳ ಕಡೆ ತಿರುಗಿದ್ದು ಅಂದೇ ಮೊದಲು.

ಶಾಲೆಗೆ ಫೋನ್ ತರುವಂತಿರಲಿಲ್ಲ. ತಂದರೆ ಅದು ಹೆಡ್‌ಮಾಸ್ಟರ್ ವೆಂಕಟಕೃಷ್ಣ ಅವರ ಬೀರು ಸೇರುತ್ತಿತ್ತು; ಅಪ್ಪ ಅಮ್ಮ ಬಂದು ಬಿಡಿಸಿಕೊಂಡು ಹೋಗಬೇಕಿತ್ತು. ಆದ್ದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಯಾರೂ ಫೋನ್ ನೋಡುತ್ತಿರಲಿಲ್ಲ. ಹಿಂದಿನ ದಿನ ಫೋನಿನಲ್ಲಿ ನೋಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಹೇಳುವಾಗ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಗಾಳಿಯಲ್ಲಿ ಮೇಲಕ್ಕೆ ಸರಿಯುತ್ತಿತ್ತು. ಆಡುವವರಿಲ್ಲದೆ ಖೋ ಖೋ ಕಂಬದ ಮೇಲೆ ಕಾಗೆ ಕೂರುತ್ತಿತ್ತು. ದಿವ್ಯಶ್ರೀ ಮನೆಯಲ್ಲಿದ್ದದ್ದು ಒಂದೇ ಒಂದು ಬಟನ್ ಫೋನ್. ಅದೂ ಹಗಲೆಲ್ಲ ಅಪ್ಪ ನಾಗರಾಜುವಿನ ಜೇಬಿನಲ್ಲಿ ಶುಂಠಿ ಹೊಲ ಸುತ್ತುತ್ತಿತ್ತು. ಬಿಡುವಿನಲ್ಲಿ ಎಲ್ಲರೂ ನಕ್ಕಾಗ ಅವಳೂ ನಗುತ್ತಿದ್ದಳು, ಕೊಂಚ ತಡವಾಗಿ.

“ಆನೇದು,” ಎಂದುಬಿಟ್ಟಳು.

“ಯಾವ್ ಆನೇದು?”

ಇನ್ನು ಹಿಂದೆ ಸರಿಯುವಂತಿರಲಿಲ್ಲ. “ಎಸ್ಟೇಟ್ ಕೆಲಸದೋರ ಲೈನ್ ಮನೆಗೆ ಆನೆ ಬರುತ್ತೆ ಕಣೇ. ಬಾಗ್ಲಿಂದ ಸೊಂಡ್ಲು ಹಾಕಿ ಒಲೆ ಮೇಲಿರೋ ಕುಕ್ಕರ್ ಎತ್ಕೊಳ್ಳುತ್ತೆ. ನಾಕ್ ಹೆಜ್ಜೆ ಹೋಗಿರಲ್ಲ, ಕುಕ್ಕರ್ ವಿಸಿಲ್ ಹಾಕುತ್ತೆ. ಆನೆ ಹೆದ್ರಿ ಓಡುತ್ತೆ, ಕುಕ್ಕರ್ ಮಾತ್ರ ಬಿಡಲ್ಲ. ಹಿಂದೆ ಒಬ್ಳು ಅಜ್ಜಿ ಓಡ್ತಾಳೆ. ಇನ್ನೂ ಎರಡು ವಿಸಿಲ್ ಆಗ್ಬೇಕು, ಇಳ್ಸೋ, ಅಂತ.”

ನಲ್ಲಿಕಟ್ಟೆಯ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಳವಿಕಾ ಮಾತ್ರ ನಗುವನ್ನು ಬೇಗ ಮುಗಿಸಿದಳು. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಸ್ವಂತ ಫೋನ್ ಬಂದದ್ದು ಅವಳಿಗೆ. ತಾನು ನೋಡದ್ದನ್ನು ಇನ್ನೊಬ್ಬರು ನೋಡಿರುವುದು ಅವಳಿಗೆ ಒಗ್ಗುತ್ತಿರಲಿಲ್ಲ.

“ಅದಾ? ಹಳೇದು ಕಣೇ. ನಾನು ಹೋದ ವಾರವೇ ನೋಡಿದೀನಿ.”

“ನಾನೂ ನೋಡ್ದೆ,” ಎಂದ ಪುನೀತ್. “ಸಿದ್ದಾಪುರದ ಕಡೇದು. ನಮ್ಮ ಮಾವ ಅಲ್ಲೇ ಇರೋದು.”

“ಅಜ್ಜಿ ನೀಲಿ ಸೀರೆ ಉಟ್ಟಿರ್ತಾಳೆ,” ಎಂದಳು ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಅಮೃತಾ.

ದಿವ್ಯಶ್ರೀ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಸೀರೆಯ ಬಣ್ಣದವರೆಗೆ ಅವಳಿನ್ನೂ ಯೋಚಿಸಿರಲಿಲ್ಲ.

ಮರುದಿನದ ಬಿಡುವೆಲ್ಲ ಆನೆಯ ಪಾಲಾಯಿತು. ಕುಕ್ಕರ್ ಮೂರು ಲೀಟರಿನದೋ ಐದು ಲೀಟರಿನದೋ ಎಂಬ ವಾದ ಎದ್ದು, ಮೂರು ಲೀಟರಿನವರು ಐದು ಲೀಟರಿನವರ ಜೊತೆ ಮಾತು ಬಿಟ್ಟರು. ದಿವ್ಯಶ್ರೀಗೆ ಬಿಡುವಿನಲ್ಲಿ ಎಲ್ಲರೂ ಕೂರುವ ಕಟ್ಟೆಯ ಮೇಲೆ, ಮಾಳವಿಕಾಳ ಪಕ್ಕದಲ್ಲೇ ಜಾಗ ಸಿಕ್ಕಿತು. ನಾಲ್ಕು ತಿಂಗಳಿಂದ ಬಯಸಿದ್ದ ಜಾಗ.

ಗುರುವಾರ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರ್ ಮೈಕ್ ಬಿಡಲಿಲ್ಲ. “ಆನೆಯ ವಿಡಿಯೊ ಒಂದನ್ನು ನೀವೆಲ್ಲ ನೋಡುತ್ತಿರುವುದು ನನ್ನ ಗಮನಕ್ಕೆ ಬಂದಿದೆ. ನಾನೂ ಅದನ್ನು ಪೂರ್ತಿಯಾಗಿ ನೋಡಿದೆ. ಒಬ್ಬ ವಯಸ್ಸಾದ ತಾಯಿ ಪ್ರಾಣಾಪಾಯದಲ್ಲಿರುವಾಗ ಅದನ್ನು ಶೂಟ್ ಮಾಡುತ್ತ ನಿಂತವನಿಗೆ ಮನುಷ್ಯತ್ವ ಇದೆಯೇ? ಯೋಚನೆ ಮಾಡಿ.”

ಮಕ್ಕಳು ತಲೆ ತಗ್ಗಿಸಿ ಯೋಚನೆ ಮಾಡಿದರು. ಅಜ್ಜಿಗೆ ಏನಾದರೂ ಆಗಿಹೋಯಿತೇನೋ ಎಂದು ಒಂದು ಕ್ಷಣ ದಿವ್ಯಶ್ರೀಗೇ ಗಾಬರಿಯಾಯಿತು.

ಅಂದಿನ ಬಿಡುವಿನಲ್ಲಿ ಅವಳು ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಕಟ್ಟೆಯ ಹತ್ತಿರ ಬಂದು, ಕೂರದೆ, ನಿಂತೇ ಹೇಳಿದಳು: “ಆ ವಿಡಿಯೊನೇ ಇಲ್ಲ. ನಾನೇ ಸುಮ್ನೆ ಹೇಳಿದ್ದು. ನಮ್ಮನೇಲಿ ಇರೋದು ಬಟನ್ ಫೋನು.”

ಎಲ್ಲರೂ ಮಾಳವಿಕಾಳ ಮುಖ ನೋಡಿದರು. ಅವಳ ಕಿವಿ ಕೆಂಪಗಾಗಿತ್ತು.

“ನಿಂಗೆ ಫೋನಿಲ್ಲ ಅಂತ, ನಾವ್ ನೋಡಿದ್ದನ್ನ ಸುಳ್ಳು ಅಂತೀಯಾ?”

“ಹಂಗಾದ್ರೆ ತೋರ್ಸು.”

“ಸ್ಕೂಲಿಗೆ ಫೋನ್ ತರಂಗಿಲ್ಲ ಅಂತ ಗೊತ್ತಿಲ್ವಾ?”

“ಹೆಡ್‌ಮಾಸ್ಟ್ರೂ ಸುಳ್ಳು ಹೇಳ್ತಾರಾ?” ಎಂದು ಪುನೀತ್ ಕೇಳಿದ. ಅಲ್ಲಿಗೆ ಮಾತು ಮುಗಿಯಿತು. ಮೂರು ಲೀಟರಿನವರೂ ಐದು ಲೀಟರಿನವರೂ ಒಂದಾಗಿ ಅವಳಿಗೆ ಬೆನ್ನು ಹಾಕಿದರು. ಕಟ್ಟೆಯ ಮೇಲೆ ಅವಳ ಜಾಗವನ್ನು ಯಾರೋ ಚೀಲ ಇಟ್ಟು ತುಂಬಿಸಿದರು.

ದಿವ್ಯಶ್ರೀ ಹೋಗಿ ವರಾಂಡದ ಮೆಟ್ಟಿಲ ಮೇಲೆ ಕೂತಳು. ಅಳು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಮೃತಾ ಬಂದಳು. ಬೈಯಲು ಬಂದಳೇನೋ ಎಂದು ದಿವ್ಯಶ್ರೀ ಸರಿದು ಕೂತರೆ, ಅವಳು ಆ ಜಾಗದಲ್ಲೇ ಕೂತಳು.

“ನಮ್ಮನೇಲೂ ಇಲ್ಲ,” ಎಂದಳು.

“ಏನಿಲ್ಲ?”

“ಫೋನು. ಅಪ್ಪನ ಹತ್ರ ಇದ್ದಿದ್ದು ಕೆಟ್ಟೋಗಿ ಎರಡು ವರ್ಷ ಆಯ್ತು.”

“ಮತ್ತೆ ದಿನಾ ನೋಡ್ದೆ, ನೋಡ್ದೆ ಅಂತೀಯಲ್ಲ?”

“ಎಲ್ರೂ ನೋಡಿರ್ತಾರಲ್ಲ ಕಣೇ,” ಎಂದಳು ಅಮೃತಾ, ಅದರಲ್ಲಿ ಕೇಳುವುದೇನಿದೆ ಎಂಬಂತೆ. ಬೆಲ್ ಹೊಡೆಯಲು ಜವಾನ ಹೊರಗೆ ಬಂದ. ಅಮೃತಾ ಲಂಗ ಕೊಡವಿ ಎದ್ದಳು, ಕಟ್ಟೆಯ ಕಡೆಗೊಮ್ಮೆ ಕಣ್ಣು ಹಾಯಿಸಿದಳು, ಆಮೇಲೆ ಬಗ್ಗಿ ದಿವ್ಯಶ್ರೀಯ ಕಿವಿಯಲ್ಲಿ ಕೇಳಿದಳು:

“ನಾಳೆ ಏನ್ ನೋಡೋಣ?”