ಚಿಕೋರಿ ಜಾಸ್ತಿಯಾದ ಕಾಫಿ

ಗಾಂಧಿಬಜಾರಿನ ಕಾಫಿಪುಡಿ ಅಂಗಡಿಯಲ್ಲಿ “ಚಿಕೋರಿ ಎಷ್ಟು ಹಾಕ್ಲಿ?” ಅಂತ ಕೇಳಿದಾಗಲೆಲ್ಲ ಕೊರೊನಾ ಲಾಕ್‌ಡೌನಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೆ ಅರ್ಧ ಸಂಬಳ ಬರುತ್ತಿತ್ತು. ಮನೆಗೆ ತುಪ್ಪ, ಗೋಡಂಬಿ ತರುವುದು ಆಗಲೇ ನಿಂತಿತ್ತು. ಅವತ್ತು ಅಮ್ಮ ಕಾಫಿಪುಡಿಗೂ ಅರ್ಧಕ್ಕರ್ಧ ಚಿಕೋರಿ ಬೆರೆಸಿ, “ತಾತಂಗೆ ಹೇಳ್ಬೇಡ” ಅಂದಳು.

ಹೇಳುವುದೇ ಬೇಕಿರಲಿಲ್ಲ. ಚಿಕೋರಿ ಒಂದು ಚೂರು ಹೆಚ್ಚಾದರೂ ತಾತ ಮೂಸಿ ನೋಡಿಯೇ ಲೋಟ ಪಕ್ಕಕ್ಕೆ ತಳ್ಳುತ್ತಿದ್ದರು.

ಅವತ್ತು ಪೂರ್ತಿ ಕುಡಿದರು. “ಚೆನ್ನಾಗಿದೆಯಮ್ಮ” ಅಂದರು.

ಅಮ್ಮ ಪುಡಿ ಡಬ್ಬಿ ತಂದು, ಮುಚ್ಚಳ ತೆಗೆದು ಅವರ ಮೂಗಿನ ಹತ್ತಿರ ಹಿಡಿದಳು. “ವಾಸನೆ ಬರ್ತಿದ್ಯಾ ಮಾವ?”

“ಯಾವ ವಾಸನೆ?” ಅಂದರು ತಾತ.

ಅಮ್ಮ ಅವರ ಲೋಟವನ್ನು ತೊಳೆದು ಕಿಟಕಿಯಲ್ಲಿ ಬೇರೆ ಇಟ್ಟಳು. ಅದು ಮತ್ತೆ ನಮ್ಮ ಲೋಟಗಳ ಜೊತೆ ಸೇರಲಿಲ್ಲ.